ಮಗಳ ಓದು, ಬೀದಿಯ ಹೋಂವರ್ಕು

ನಮ್ಮ ಮನೆಯಲ್ಲಿ ಕಾಫಿ ಲೋಟ ಕೈಗೆ ಬಂದ ಮೇಲೆ ಮಾತಿಗೆ ಕೂರಬಾರದು. ಮೊದಲು ಕುಡಿದು ಲೋಟ ಕೆಳಗಿಡಬೇಕು, ಮಾತು ಆಮೇಲೆ. ಈ ನಿಯಮ ಜಾರಿಗೆ ಬಂದದ್ದು ನನ್ನ ಹೆಂಡತಿಯ ಸೋದರಮಾವನ ದೆಸೆಯಿಂದ. ಮೊಮ್ಮಗನ ಉಪನಯನಕ್ಕೆ ಕರೆಯಲು ಬಂದಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳೀ ಪಂಚೆ. ಲೋಟವನ್ನು ಮಂಡಿಯ ಮೇಲೆ ಊರಿಕೊಂಡು, ಹೋದ ಸಲದ ಮದುವೆಗೆ ಯಾರು ಬಂದರು, ಯಾರು ಬರಲಿಲ್ಲ, ಬರದವರು ಏನು ನೆಪ ಹೇಳಿದರು ಎಂಬ ಪಟ್ಟಿ ಶುರು ಮಾಡಿದರು. ಪಟ್ಟಿ ಉದ್ದವಿತ್ತು. ಮುಗಿಸಿ ಲೋಟ ಎತ್ತಿದಾಗ ಪಂಚೆಯ ಮೇಲೆ ದುಂಡಗೆ ಒಂದು ಕಂದು ಮೊಹರು ಬಿದ್ದಿತ್ತು. ಸೋರಿದ್ದು ಎಲ್ಲಿಂದ ಎಂದು ನೋಡಲು ಅವರು ಲೋಟವನ್ನು ತಲೆಕೆಳಗು ಮಾಡಿದರು. ಮಿಕ್ಕ ಕಾಫಿಯೂ ಪಂಚೆಗೇ ಸಂದಿತು.

"ತೂತೇ ಇಲ್ಲವಲ್ಲ ಅಳಿಯಂದಿರೇ!" ಎಂದರು, ಲೋಟ ತಯಾರಿಸಿದವನು ನಾನೇ ಎಂಬಂತೆ ನನ್ನನ್ನೇ ನೋಡುತ್ತ. ಅಷ್ಟರಲ್ಲಿ ಮಗಳು ಒಳಗಿನಿಂದ ಓಡಿ ಬಂದಳು. ಅವಳ ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. ಎಷ್ಟು ಹೊತ್ತಿಗೆ ಎಷ್ಟು ಒಸರಿತು ಎಂಬ ಲೆಕ್ಕಾಚಾರವಿತ್ತು. "ತಾತಾ, ಅದು ಬರೀ ಬಿಸ್ಕು!"

"ಬಿಸ್ಕತ್ತು ಬೇಡಮ್ಮ, ನಂಗೆ ಶುಗರು," ಎಂದರು ಅವರು.

ಲೋಟ ಮಗಳು ಕಾಲೇಜಿನಲ್ಲಿ ಮಣ್ಣಿನಿಂದ ಮಾಡಿ ತಂದದ್ದು. ಒಂದೇ ಸಲ ಸುಟ್ಟ ಸಾಮಾನನ್ನು ಅವಳ ಕಲಾ ಕಾಲೇಜಿನ ಹುಡುಗರು 'ಬಿಸ್ಕು' ಎಂದು ಕರೆಯುತ್ತಾರೆ. ಸುಮಾರು 1000 ಡಿಗ್ರಿಯಲ್ಲಿ ಬೆಂದ ಮಣ್ಣು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಉಗುರಿನಿಂದ ತಟ್ಟಿದರೆ ಟಣ್ ಎನ್ನುತ್ತದೆ, ಆದರೆ ಮೈ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅದಕ್ಕೆ ಗ್ಲೇಜ್ ಬಳಿದು, ಇನ್ನೊಮ್ಮೆ 1200 ಡಿಗ್ರಿ ದಾಟಿಸಿ ಸುಟ್ಟು, ಮೈಮೇಲೆ ಗಾಜಿನಂಥ ಪದರ ಕೂತ ಮೇಲೆಯೇ ಒಳಗಿನ ಕಾಫಿ ಒಳಗೆ ಉಳಿಯುವ ಭರವಸೆ. ಅರ್ಧ ಬೆಂದದ್ದೂ ಪೂರ್ತಿ ಬೆಂದದ್ದೂ ನಮ್ಮ ಅಡುಗೆಮನೆಯ ಒಂದೇ ಶೆಲ್ಫಿನಲ್ಲಿ ಅಕ್ಕಪಕ್ಕ ಕೂತಿದ್ದವು. ನನ್ನ ಹೆಂಡತಿ ಚೆಂದ ಕಂಡದ್ದನ್ನು ಎತ್ತಿಕೊಂಡಿದ್ದಳು, ಅಷ್ಟೆ.

ನನ್ನ ಅಮ್ಮನಿಗೆ ಮಾತ್ರ ಇದರಲ್ಲಿ ದೋಷವೇ ಕಾಣಲಿಲ್ಲ. "ಒಸರದೇ ಇದ್ರೆ ಅದೆಂಥ ಮಡಕೆ? ಒಸರೋದಕ್ಕೇ ನೀರು ತಣ್ಣಗಾಗೋದು," ಎಂದು ಮೊಮ್ಮಗಳ ಪಕ್ಷ ವಹಿಸಿದರು. ಮಾತು ನಿಜ. ಮಡಕೆಯ ಹೊರಮೈಗೆ ಬಂದ ನೀರು ಆವಿಯಾಗಿ ಹೋಗುವಾಗ ಒಳಗಿನ ಶಾಖವನ್ನೂ ಕೊಂಡೊಯ್ಯುತ್ತದೆ. ಆದರೆ ಪಂಚೆ ಉಟ್ಟು ಬಂದ ಬೀಗರಿಗೆ ಬಿಸಿ ಕಾಫಿಯನ್ನು ಈ ತತ್ವದ ಮೇಲೆ ಕೊಡುವುದಕ್ಕಾಗುತ್ತದೆಯೇ?

ಇಂಥವಳು ಇಂಥ ಕಾಲೇಜಿಗೆ ಹೇಗೆ ಸೇರಿದಳು ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ನಾನು ಬದುಕಿಡೀ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನು. ಸಂಜೆಗೆ ಲೆಕ್ಕ ತಾಳೆಯಾದರೆ ಆ ದಿನ ಸಾರ್ಥಕ, ಆಗದಿದ್ದರೆ ರಾತ್ರಿ ಊಟ ಸೇರದು. ನಮ್ಮ ವಂಶದಲ್ಲಿ ಕಲೆ ಅಂತ ಇದ್ದದ್ದು ಅಮ್ಮ ಹೊಸಿಲ ಮುಂದೆ ಹಾಕುವ ರಂಗೋಲಿ ಮಾತ್ರ. ಪಿಯುಸಿ ಮುಗಿಸಿದ ಮಗಳು ಬಿವಿಎ ಮಾಡುತ್ತೇನೆ ಎಂದಾಗ, ಬಿಬಿಎ ಎಂದು ಕೇಳಿಸಿಕೊಂಡು ತುಂಬು ಮನಸ್ಸಿನಿಂದ ಒಪ್ಪಿದೆ. ಒಪ್ಪಿದ ಮೇಲೆ ತಿಳಿಯಿತು, ಇದು ದೃಶ್ಯಕಲೆ, ನಾಲ್ಕು ವರ್ಷ, ಮೊದಲ ವರ್ಷ ಚಿತ್ರ, ಶಿಲ್ಪ, ಅಚ್ಚು, ಮಣ್ಣು, ಕ್ಯಾಮೆರಾ ಎಲ್ಲವನ್ನೂ ಒಂದೊಂದು ಸುತ್ತು ಮುಟ್ಟಿಸುತ್ತಾರೆ ಎಂದು. "ಮುಂದೆ ಸ್ಕೋಪು?" ಎಂದು ಕೇಳುವ ನೆಂಟರಿಗೆ ಅನಿಮೇಷನ್, ಯುಎಕ್ಸ್ ಎಂದು ಎರಡು ಮಾತು ಎಸೆಯುವುದನ್ನು ಕಲಿತೆ. ಕೇಳಿದವರಿಗೂ ಅದು ಅರ್ಥವಾಗುವುದಿಲ್ಲವಾದ್ದರಿಂದ ಸಂಭಾಷಣೆ ಅಲ್ಲಿಗೇ ನಿಲ್ಲುತ್ತದೆ.

ನನ್ನ ತಮ್ಮನ ಮಗ ಎಂಜಿನಿಯರಿಂಗ್ ಓದಿದ. ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದ, ಊಟಕ್ಕೆ ಬರುತ್ತಿದ್ದ, ಮತ್ತೆ ಒಳಗೆ ಹೋಗುತ್ತಿದ್ದ. ಒಂದು ದಿನ ಹೊರಗೆ ಬಂದಾಗ ಕೈಯಲ್ಲಿ ಡಿಗ್ರಿ ಇತ್ತು. ಅವನ ಅಪ್ಪ ಅಮ್ಮನಿಗೆ ಫೀಸು ಕಟ್ಟುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಅವನ ಓದಿಗೆ ಒಂದು ಕೋಣೆ ಸಾಕಾಯಿತು. ಕಲೆ ಓದುವ ಹುಡುಗಿಗೆ ಮನೆಯೇ ಸಾಲದು. ಅಡುಗೆಮನೆ ಬೇಕು, ಬಚ್ಚಲು ಬೇಕು, ತಾರಸಿ ಬೇಕು, ಅಜ್ಜಿಯ ಹಳೇ ಸೀರೆ ಬೇಕು, ಅಪ್ಪನ ಸ್ಕೂಟರು ಬೇಕು, ಸ್ಕೂಟರಿನ ಜೊತೆ ಅಪ್ಪನೂ ಬೇಕು, ಅದೂ ಸಾಲದೇ ಹೋದರೆ ಬೀದಿ ಬೇಕು. ಎಂಜಿನಿಯರಿಂಗ್ ಓದುವವನು ಒಬ್ಬನೇ ಓದುತ್ತಾನೆ, ಇದು ಊರೊಟ್ಟಿನ ಓದು. ಅಂಕಪಟ್ಟಿಯಲ್ಲಿ ಮಾತ್ರ ಒಬ್ಬರದೇ ಹೆಸರು.

ಮೊದಲು ಹೋದದ್ದು ಲಟ್ಟಣಿಗೆ. ಮಣ್ಣನ್ನು ಹಾಳೆಯಾಗಿ ಲಟ್ಟಿಸಲು ಅದಕ್ಕಿಂತ ಒಳ್ಳೆಯ ಸಾಧನ ಪ್ರಪಂಚದಲ್ಲಿಲ್ಲವಂತೆ. ಆಮೇಲೆ ಬಾಚಣಿಗೆ, ಟೀ ಜರಡಿ, ಒಂದು ಹಳೇ ಸೌಟು. ಮಣ್ಣು ಕತ್ತರಿಸಲು ನನ್ನ ಸ್ಕೂಟರಿನ ಬದಲಾಯಿಸಿಟ್ಟ ಕ್ಲಚ್ ವೈರಿನ ಒಂದು ಎಳೆ. ಇವೆಲ್ಲ ಹೋಗಲಿ ಎಂದು ಬಿಟ್ಟೆವು. ಗೌರಿ ಹಬ್ಬದ ಹಿಂದಿನ ದಿನ ಚಕ್ಕುಲಿ ಒರಳು ಕಾಣೆಯಾದಾಗ ಮನೆಯಲ್ಲಿ ನಿಜವಾದ ಕೋಲಾಹಲವೆದ್ದಿತು. ಅಟ್ಟ ಹುಡುಕಿದ್ದಾಯಿತು, ಎದುರು ಮನೆಯವರು ಇಸಕೊಂಡು ಹೋಗಿ ಕೊಟ್ಟಿಲ್ಲವೆಂದು ಮನಸ್ಸಿನಲ್ಲೇ ಶಪಿಸಿದ್ದೂ ಆಯಿತು. ಅದು ಕಾಲೇಜಿನ ಸೆರಾಮಿಕ್ ವಿಭಾಗದಲ್ಲಿ ಜೇಡಿಮಣ್ಣಿನ ಉದ್ದುದ್ದ ಎಳೆಗಳನ್ನು ಒತ್ತುತ್ತಿತ್ತು. ಎಳೆಗಳನ್ನು ಸುತ್ತಿ ಸುತ್ತಿ ಒಂದರ ಮೇಲೊಂದು ಕೂಡಿಸಿದರೆ ತಿಗರಿಯೇ ಇಲ್ಲದೆ ಹೂಜಿ ಆಗುತ್ತದೆ. ಆಗಿಯೂ ಇತ್ತು, ಚೆನ್ನಾಗಿಯೇ ಇತ್ತು. ಆದರೆ ಆ ವರ್ಷ ನಮ್ಮ ಮನೆಯಲ್ಲಿ ಚಕ್ಕುಲಿ ಆಗಲಿಲ್ಲ. ಒರಳನ್ನು ತೊಳೆದು ತಂದುಕೊಟ್ಟರೂ ಹೆಂಡತಿ ಮುಟ್ಟಲಿಲ್ಲ. ಈಗ ಅದು ಮಗಳ ಆಸ್ತಿ.

ಮಣ್ಣಿನ ವಿಷಯದಲ್ಲಿ ಮನೆಯ ಪರಮಾಧಿಕಾರ ಅಮ್ಮನದು. ಅವರು ಎಂದೂ ಮಡಕೆ ಮಾಡಿದವರಲ್ಲ. ಆದರೆ ಅವರ ತವರಿನಲ್ಲಿ ಹಿತ್ತಲ ಬೇಲಿಯಾಚೆಯೇ ಕುಂಬಾರರ ಮನೆಯಿತ್ತು. ಕೆರೆಮಣ್ಣು ತಂದು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಸಿ, ಕಾಲಲ್ಲಿ ತುಳಿಯುವುದನ್ನು ಬಾಲ್ಯವಿಡೀ ನೋಡಿದ್ದರು. ಮೊಮ್ಮಗಳು ತಾರಸಿಯ ಮೇಲೆ ಮಣ್ಣು ನಾದುತ್ತಿದ್ದರೆ ಇವರು ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, "ಇನ್ನೂ ಹದಕ್ಕೆ ಬಂದಿಲ್ಲ, ನಾದು" ಎನ್ನುತ್ತಾರೆ. ಬಂದಿದೆ ಎಂದು ಯಾವಾಗಲೂ ಒಪ್ಪುವುದಿಲ್ಲ, ಚಪಾತಿ ಹಿಟ್ಟಿಗೂ ಒಪ್ಪಿದವರಲ್ಲ. ಒಮ್ಮೆ ನಾನೂ ಕೈ ಹಾಕಿದೆ. ಒಂದು ಪುಟ್ಟ ಬಟ್ಟಲು, ಅಷ್ಟೇ ನನ್ನ ಆಸೆ. ಅಜ್ಜಿ ಮೊಮ್ಮಗಳಿಬ್ಬರೂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಲುಭಾಗ ಯಾವುದು ಎಂದು ವಿನಯದಿಂದ ಕೇಳಿದರು.

ಮಣ್ಣಿನಲ್ಲಿ ಗಾಳಿಗುಳ್ಳೆ ಉಳಿದರೆ ಸುಡುವಾಗ ಸಿಡಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಗಾಳಿಯ ಮೇಲೆ ಇದು ಬಹುಮಟ್ಟಿಗೆ ಸುಳ್ಳು ಆಪಾದನೆ. ನಿಜವಾದ ಅಪರಾಧಿ ನೀರು. ಹೊರಗೆ ಒಣಗಿದಂತೆ ಕಂಡರೂ ದಪ್ಪ ಭಾಗಗಳ ಒಳಗೆ ತೇವ ಅಡಗಿರುತ್ತದೆ. 100 ಡಿಗ್ರಿ ದಾಟಿದ ಕೂಡಲೇ ಅದು ಆವಿಯಾಗುತ್ತದೆ, ಆವಿಗೆ ನೀರಿಗಿಂತ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಕು, ಅಷ್ಟು ಜಾಗ ಅಲ್ಲಿರುವುದಿಲ್ಲ. ಮಗಳು ಮಾಡಿದ ಮೊದಲ ಆನೆ ಹೀಗೆ ತೀರಿಕೊಂಡಿತು. ಆನೆಯ ಕಾಲು ದಪ್ಪಗೇ ಇರಬೇಕೆಂದು ನಾಲ್ಕನ್ನೂ ಗಟ್ಟಿಯಾಗಿ ತುಂಬಿಬಿಟ್ಟಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ಹೊರಗಿನಿಂದ ದೊಣ್ಣೆ ಬರುವ ಅಗತ್ಯವೂ ಬೀಳಲಿಲ್ಲ. ಆನೆ ಒಂದೇ ಸತ್ತಿದ್ದರೆ ದುಃಖ ನಮ್ಮ ಮನೆಯಲ್ಲೇ ಮುಗಿಯುತ್ತಿತ್ತು. ಸಾಯುವಾಗ ಅದು ಗೆಳತಿಯ ಹೂದಾನಿಯ ಕತ್ತನ್ನೂ, ಇನ್ನೊಬ್ಬ ಹುಡುಗನ ಬುದ್ಧನ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಇಡೀ ತರಗತಿಯ ಸಾಮಾನು ಒಂದೇ ಕುಲುಮೆಯಲ್ಲಿ ಬೇಯುವುದರಿಂದ ಇದೊಂದು ಸೂಕ್ಷ್ಮ ರಾಜಕೀಯ ವಿಚಾರ. ಆ ಹೂದಾನಿಯ ಹುಡುಗಿ ನಮ್ಮ ಮನೆಗೆ ಮತ್ತೆ ಬಂದದ್ದು ನನ್ನ ಹೆಂಡತಿ ಫೋನ್ ಮಾಡಿ ಮಸಾಲೆದೋಸೆಗೆ ಕರೆದ ಮೇಲೆಯೇ.

ಸುಡುವ ದಿನ ಬಂತೆಂದರೆ ನಮಗೆಲ್ಲ ಶಿವರಾತ್ರಿ. ಅವಸರ ಮಾಡುವಂತಿಲ್ಲ. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಸ್ಫಟಿಕ ಶಿಲೆಯ ಕಣಗಳು ತಮ್ಮ ಒಳಜೋಡಣೆಯನ್ನೇ ಬದಲಾಯಿಸಿಕೊಂಡು ತಟಕ್ಕನೆ ಒಂದಿಷ್ಟು ಹಿಗ್ಗುತ್ತವೆ. ಆರುವಾಗ ಅದೇ 573ರಲ್ಲಿ ಕುಗ್ಗುತ್ತವೆ. ಅಲ್ಲಿ ಆತುರಪಟ್ಟರೆ ಬಿರುಕು. ಕುಲುಮೆಯೊಳಗೆ ಪುಟ್ಟ ಪುಟ್ಟ ಕೋನ್‌ಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ, ತಕ್ಕಷ್ಟು ಶಾಖ ತಕ್ಕಷ್ಟು ಹೊತ್ತು ಸಿಕ್ಕಿದಾಗ ಅವು ಮೆತ್ತಗಾಗಿ ತಲೆಬಾಗುತ್ತವೆ. ಬರೀ ಡಿಗ್ರಿ ನೋಡಿದರೆ ಸಾಲದು, ಎಷ್ಟು ಹೊತ್ತು ಎಂಬುದೂ ಲೆಕ್ಕಕ್ಕೆ ಬರಬೇಕು ಎಂದು ಮಗಳು ವಿವರಿಸಿದಾಗ, ಅಸಲು ಮತ್ತು ಅವಧಿಯ ಮೇಲೆ ಬಡ್ಡಿ ಹಾಕಿದ ನನಗೆ ಮೊದಲ ಬಾರಿಗೆ ಈ ವಿದ್ಯೆಯ ಮೇಲೆ ಗೌರವ ಮೂಡಿತು. ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೆಂದು ಕೇಳಿದರೆ ಕೂಗಿತಾ ಎನ್ನುವ ಹುಡುಗಿ, ಕುಲುಮೆ ಈಗ ಎಷ್ಟರಲ್ಲಿದೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಾಳೆ. ಸರದಿಯ ಮೇಲೆ ಕಾವಲು ಕೂರುವ ಮಕ್ಕಳಿಗೆ ಪುಳಿಯೋಗರೆ ಒಯ್ಯುವ ಕೆಲಸ ನನ್ನದು. ಸುಟ್ಟದ್ದಾಯಿತು, ಇನ್ನಾದರೂ ತೆಗೆಯಬಾರದೇ ಎಂದರೆ ಅದೂ ಇಲ್ಲ, ತಾನಾಗಿ ಆರಬೇಕು. "ಇಡ್ಲಿ ಪಾತ್ರೆ ಮುಚ್ಚಳಾನೇ ಕೂಡಲೇ ತೆಗೀಬಾರ್ದು, ಇನ್ನು ಆವಿಗೆ ತೆಗೀತಾರಾ?" ಎಂದು ಅಮ್ಮ ನನ್ನ ಅವಿವೇಕಕ್ಕೆ ಮರುಗಿದರು.

ಬಣ್ಣದ ವಿಷಯ ಇನ್ನೂ ವಿಚಿತ್ರ. ಬಳಿಯುವಾಗ ಕಂಡ ಬಣ್ಣ ಯಾವುದೂ ಕೊನೆಗೆ ಉಳಿಯುವುದಿಲ್ಲ. ಇದ್ದಿಲ ಪುಡಿಯ ಹಾಗಿರುವ ಕೋಬಾಲ್ಟ್ ಆಕ್ಸೈಡು ಬೆಂದು ಕಡುನೀಲಿಯಾಗಿ ಹೊರಬರುತ್ತದೆ. ಕೆಂಪು ಕಾವಿಯಂಥ ಕಬ್ಬಿಣದ ಪುಡಿ ಜೇನುಬಣ್ಣ ಆಗಬಹುದು, ಹೆಚ್ಚಾದರೆ ಕಪ್ಪು. ತಾಮ್ರದ ಆಟವಂತೂ ಬೇರೆಯೇ. ಗಾಳಿ ಚೆನ್ನಾಗಿ ಆಡುವ ಬೆಂಕಿಯಲ್ಲಿ ಹಸಿರು, ಗಾಳಿಗೆ ತತ್ವಾರವಾದ ಹೊಗೆಬೆಂಕಿಯಲ್ಲಿ ರಕ್ತಗೆಂಪು. ಮಗಳು ಇದನ್ನೆಲ್ಲ ಒಂದು ಪುಸ್ತಕದಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿಡುತ್ತಾಳೆ, ಆದರೂ ಬಾಗಿಲು ತೆಗೆಯುವಾಗ ಎಲ್ಲರ ಮುಖವೂ ಒಂದೇ ಥರ ಇರುತ್ತದೆ. ನಾನೂ ಒಂದು ಲೋಟಕ್ಕೆ ಆರ್ಡರು ಕೊಟ್ಟಿದ್ದೆ, 300 ಮಿಲಿ ಹಿಡಿಯುವಂಥದ್ದು. ವೈದ್ಯರು ದಿನಕ್ಕೆ ಎರಡೇ ಲೋಟ ಕಾಫಿ ಎಂದಿದ್ದಾರೆ, ಲೋಟದ ಅಳತೆ ಹೇಳಿಲ್ಲ. ಒಣಗಿ ಬೆಂದಾಗ ಮಣ್ಣು ನೂರಕ್ಕೆ 12ರಷ್ಟು ಕುಗ್ಗುತ್ತದೆ ಎಂದಳು. ನೂರಕ್ಕೆ 12 ತಾನೆ, 264 ಮಿಲಿ ಉಳಿದೀತು ಎಂದು ತೃಪ್ತನಾದೆ. ಕೈಗೆ ಬಂದದ್ದು 200 ಮಿಲಿಯ ಲೋಟ. ಉದ್ದ, ಅಗಲ, ಎತ್ತರ ಮೂರೂ ಕಡೆಯಿಂದ 12, 12, 12 ಕುಗ್ಗಿದರೆ ಒಟ್ಟು ಗಾತ್ರದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗವೇ ಹೋಗುತ್ತದೆ. ಚಕ್ರಬಡ್ಡಿ ಹಾಕಿ ಜನರನ್ನು ಅಳಿಸಿದವನಿಗೆ ಚಕ್ರ ತಿರುಗಿಸುವವರು ಕೊಟ್ಟ ಉತ್ತರ ಎಂದಳು ಹೆಂಡತಿ.

ಅಮ್ಮನಿಗೆ ಈಗೀಗ ಕುಂಬಾರ ಗುಂಡಯ್ಯನ ಕಥೆ ಹೇಳುವ ಉಮೇದು ಹೆಚ್ಚಿದೆ. ಹರಿಹರನಿಂದ ತನ್ನ ಮೇಲೆ ರಗಳೆಯನ್ನೇ ಬರೆಸಿಕೊಂಡ ಶರಣ. ಮಡಕೆ ತಟ್ಟುತ್ತ ತಟ್ಟುತ್ತ ಆ ತಾಳಕ್ಕೆ ಶಿವನೇ ಇಳಿದು ಬಂದು ಕುಣಿದನಂತೆ. "ನಮ್ಮವಳು ತಟ್ಟಿದರೆ ಪಕ್ಕದ ಮನೆ ನಾಯಿ ಬೊಗಳುತ್ತೆ," ಎನ್ನುತ್ತಾಳೆ ಹೆಂಡತಿ. ಅಮ್ಮ ಬಿಡುವುದಿಲ್ಲ, ಸರ್ವಜ್ಞನೂ ಕುಂಬಾರ್ತಿಯ ಹೊಟ್ಟೆಯಲ್ಲಿ ಹುಟ್ಟಿದವನು ಎಂದು ಇನ್ನೊಂದು ಸಾಕ್ಷಿ ಮುಂದಿಡುತ್ತಾರೆ. ಈ ವಂಶಾವಳಿ ಕೇಳಿ ಕೇಳಿ ಮಗಳ ಕಣ್ಣು ಎಲ್ಲಿ ಹೋದರೂ ಮಣ್ಣನ್ನೇ ಹುಡುಕುತ್ತದೆ. ಮಂಗಳೂರಿನಲ್ಲಿ ಒಂದು ಮದುವೆಗೆ ಹೋದರೆ ಎಲ್ಲರೂ ವಧುವನ್ನು ನೋಡುತ್ತಿದ್ದಾಗ ಇವಳು ಮಾಡು ನೋಡುತ್ತಿದ್ದಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ತೆರೆದರು, ನೇತ್ರಾವತಿ ದಂಡೆಯ ಜೇಡಿ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು ಎಂದು ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಪಾಠ ಹೇಳಿದಳು. ಅವರು ಹಂಚಿನ ವ್ಯಾಪಾರಿಗಳೇ ಆಗಿದ್ದರು. ಊಟವಾದ ಮೇಲೆ ಒಡೆದ ಹಳೇ ಹಂಚೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ತಾಂಬೂಲದ ಚೀಲ ನಾನು ಹಿಡಿದುಕೊಂಡೆ, ಹಂಚನ್ನೂ ನಾನೇ.

ಮಣ್ಣು ಕಡೇಪಕ್ಷ ಕೂತಲ್ಲೇ ಕೂತಿರುತ್ತದೆ. ಕ್ಯಾಮೆರಾ ಓಡಾಡಿಸುತ್ತದೆ. ಫೋಟೊಗ್ರಫಿ ಶುರುವಾದ ಮೇಲೆ ನಮ್ಮ ಮನೆಯಲ್ಲಿ ಭಾನುವಾರ ಎಂಬ ವಾರವೇ ರದ್ದಾಯಿತು. ಒಳ್ಳೆಯ ಬೆಳಕು ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿ ಮಾತ್ರ ಇರುತ್ತದಂತೆ. ಅಷ್ಟು ಹೊತ್ತಿಗೆ ಬಸ್ಸಿರುವುದಿಲ್ಲ, ಅಪ್ಪ ಇರುತ್ತಾನೆ. ಕತ್ತಲಲ್ಲೇ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೊರಡುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಆಗಿನ ಉದ್ದೇಶ ಊರಾಚೆಯ ಹೊಲಗದ್ದೆಗೆ ನೀರು. ಈಗ ಅಲ್ಲಿ ಹೆಜ್ಜಾರ್ಲೆಗಳೂ ಮಧುಮೇಹಿಗಳೂ ಸುತ್ತುತ್ತಿರುತ್ತಾರೆ. ನಾನು ಹೆಜ್ಜಾರ್ಲೆ ತೋರಿಸಿದರೆ ಮಗಳು ಕ್ಯಾಮೆರಾ ಎತ್ತುವುದೇ ಇಲ್ಲ. "ಅಪ್ಪಾ, ಅದನ್ನ ಎಲ್ಲರೂ ತೆಗೆದಿದಾರೆ," ಎಂದು ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಕೈಕೋಲಿನ ಮುಂದೆ ಮಂಡಿಯೂರಿ ಕೂರುತ್ತಾಳೆ. ಕೋಲಿನ ಯಜಮಾನರು ವಾಪಸು ಬಂದು, ಪೊಲೀಸಿನವರೇ ಎಂದು ಕೇಳಿದ್ದೂ ಉಂಟು.

ಸೋಮನಾಥಪುರದ ಪ್ರಸಂಗ ಹೇಳಲೇಬೇಕು. ಬೇಲೂರು, ಹಳೇಬೀಡಿನ ಜೊತೆ ಆ ಗುಡಿಯೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ನಿಮಗೆ ಗೊತ್ತು. ಸ್ಕೂಟರಿನ ಮುಂದೆ ಟ್ರೈಪಾಡ್ ಅಡ್ಡ ಮಲಗಿಸಿಕೊಂಡು, ಎದುರಿಗೆ ಬಂದ ಕಬ್ಬಿನ ಗಾಡಿಗಳಿಗೆಲ್ಲ ದಾರಿ ಬಿಟ್ಟು, ಹೇಗೋ ತಲುಪಿದೆವು. ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಊರಬೇಕಾದರೆ ಮುಂಚಿತವಾಗಿ ಅನುಮತಿ ಪಡೆದಿರಬೇಕು, ನಾವು ಪಡೆದಿರಲಿಲ್ಲ. ಮಗಳು ಕ್ಯಾಮೆರಾ ಹಿಡಿದು ಒಳಗೆ ಹೋದಳು, ಟ್ರೈಪಾಡೂ ನಾನೂ ಹೊರಗೆ ಉಳಿದೆವು. ನೆರಳಿನಲ್ಲಿ ಸುಮ್ಮನೆ ನಿಲ್ಲಲು ಬೇಜಾರಾಗಿ ಅದರ ಮೂರು ಕಾಲನ್ನೂ ಬಿಡಿಸಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಎಳನೀರಿನವರು ಮಚ್ಚು ಕೆಳಗಿಟ್ಟು ಹತ್ತಿರ ಬಂದರು.

"ಎಷ್ಟಡಿ ಹೋಯ್ತದೆ ಸ್ವಾಮಿ?"

"ಏನು ಎಷ್ಟಡಿ?"

"ರಸ್ತೆ ಅಗ್ಲ ಮಾಡೋಕಲ್ವಾ ಬಂದಿರೋದು? ನನ್ನ ಗಾಡಿ ನಿಲ್ಸೋ ಜಾಗ ಹೋಯ್ತದಾ, ಉಳೀತದಾ?"

ಇದು ಸರ್ವೆ ಯಂತ್ರವಲ್ಲ, ಫೋಟೊ ತೆಗೆಯುವ ಸ್ಟ್ಯಾಂಡು ಎಂದೆ. ಹಾಗಾದರೆ ಕ್ಯಾಮೆರಾ ಎಲ್ಲಿ ಎಂದರು. ಒಳಗಿದೆ ಎಂದೆ. ಸ್ಟ್ಯಾಂಡು ಹೊರಗೆ, ಕ್ಯಾಮೆರಾ ಒಳಗೆ ಎಂಬ ವಿವರಣೆ ಅವರಿಗೆ ಸಾಲಲಿಲ್ಲ. ನನಗೂ ಹೇಳುತ್ತ ಹೇಳುತ್ತ ಅನುಮಾನ ಬಂತು. ಸುದ್ದಿ ಹಬ್ಬಿ ಕಡಲೆಕಾಯಿಯವರೂ ಟೋಪಿ ಮಾರುವವರೂ ಬಂದು ಸೇರಿದರು. ಒಬ್ಬರು ಪರಿಹಾರ ಚದರಡಿಗೆ ಎಷ್ಟು ಎಂದು ಕೇಳಿದರು. ನನ್ನ ಮುಖ ಸರ್ಕಾರಿ ಮುಖ ಎಂದು ಮೊದಲೂ ಕೆಲವರು ಹೇಳಿದ್ದರು, ಅಂದು ಖಚಿತವಾಯಿತು. ಎಳನೀರಿಗೆ ದುಡ್ಡು ಕೊಟ್ಟರೂ ಅವರು ಮುಟ್ಟಲಿಲ್ಲ, "ಬರ್ಕೊಳ್ಳೋವಾಗ ಸ್ವಲ್ಪ ನೋಡ್ಕೊಂಡು ಬರ್ಕೊಳ್ಳಿ" ಎಂದರು. ಅಷ್ಟು ಹೊತ್ತೂ ಮಗಳು ಒಳಗೆ ಗೋಡೆಯ ಬುಡದ ಆನೆಗಳ ಸಾಲಿನಲ್ಲಿ ಮುಳುಗಿದ್ದಳು. ಮಲ್ಲಿತಮ್ಮನೆಂಬ ಶಿಲ್ಪಿ ಅಲ್ಲಿನ ವಿಗ್ರಹಗಳ ಕೆಳಗೆ ತನ್ನ ಹೆಸರು ಕೆತ್ತಿ ಹೋಗಿದ್ದಾನೆ. ಅವನ ಕಲ್ಲಿನ ಆನೆಗಳು ಇವಳ ಮಣ್ಣಿನ ಆನೆಯ ಹಾಗೆ ಸಿಡಿಯದೆ ಏಳುನೂರು ವರ್ಷ ದಾಟಿವೆ, ಕಾಲೂ ದಪ್ಪಗೇ ಇವೆ. ಆ ವಾರದ ಅಸೈನ್‌ಮೆಂಟಿನ ವಿಷಯ 'ಕಾಯುವುದು'. ಕೊನೆಗೆ ಅವಳು ಕಾಲೇಜಿಗೆ ಒಪ್ಪಿಸಿದ ಚಿತ್ರದಲ್ಲಿ ದೇವಸ್ಥಾನವೇ ಇರಲಿಲ್ಲ. ಮರದ ಕೆಳಗೆ ಮೂರು ಕಾಲಿನ ಟ್ರೈಪಾಡು, ಎರಡು ಕಾಲಿನ ನಾನು, ಸುತ್ತ ಅರ್ಜಿದಾರರು. ಒಳ್ಳೆಯ ಅಂಕ ಬಂತು. ನನ್ನ ಹೊಟ್ಟೆಯ ಮೇಲೆ ಬೆಳಕು ಬಿದ್ದ ರೀತಿಯನ್ನು ಮೇಷ್ಟ್ರು ವಿಶೇಷವಾಗಿ ಮೆಚ್ಚಿದರಂತೆ.

ದೇವರಾಜ ಮಾರುಕಟ್ಟೆಯಲ್ಲಿ ಕಥೆ ಬೇರೆ. ಕುಂಕುಮದ ಗೋಪುರ, ಹೂವಿನ ರಾಶಿ ತೆಗೆಯದೆ ಮೈಸೂರು ಬಿಟ್ಟ ಪ್ರವಾಸಿಯೇ ಇಲ್ಲ. ಹೂವಿನವರಿಗೆ ಅದು ಅಭ್ಯಾಸವಾಗಿ ಹೋಗಿದೆ, ಜೊತೆಗೆ ಬೇಜಾರೂ ಆಗಿದೆ. "ಎಲ್ರೂ ಹಿಡ್ಕೊಂಡು ಹೋಯ್ತರೆ, ಒಬ್ರೂ ಕೊಡಾಕಿಲ್ಲ," ಎಂದರು ಮಲ್ಲಿಗೆ ಕಟ್ಟುತ್ತಿದ್ದ ಒಬ್ಬ ಅಜ್ಜಿ. ಮಗಳು ಕೊಡುತ್ತೇನೆಂದು ಮಾತು ಕೊಟ್ಟಳು. ಮಾತು ಕೊಟ್ಟವಳು ಅವಳು, ಸ್ಟುಡಿಯೋಕ್ಕೆ ಹೋಗಿ ಪ್ರಿಂಟ್ ಹಾಕಿಸಿದವನು ನಾನು, ಲಕೋಟೆಗಳನ್ನು ಹಿಡಿದು ಅಂಗಡಿ ಅಂಗಡಿ ಹುಡುಕಿ ಹಂಚಿದವನೂ ನಾನು. ಬಾಳೆಎಲೆಯವರು ಚಿತ್ರವನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡರು. ಮಲ್ಲಿಗೆಯ ಅಜ್ಜಿ ತಿರಸ್ಕರಿಸಿದರು. ತಲೆ ಬಾಚಿಕೊಂಡಿಲ್ಲ, ಮೂಗುಬೊಟ್ಟು ಕಾಣುತ್ತಿಲ್ಲ, ಮೊಮ್ಮಗ ಜೊತೆಗಿಲ್ಲ, ಇದೆಂಥ ಫೋಟೊ? ಮತ್ತೊಮ್ಮೆ ಆಯಿತು, ಮೊಮ್ಮಗ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಇಬ್ಬರೂ ಉಸಿರು ಬಿಗಿಹಿಡಿದು ನೇರ ಕ್ಯಾಮೆರಾ ನೋಡುತ್ತಿರುವ ಆ ಚಿತ್ರ ಕಾಲೇಜಿನಲ್ಲಿ ಯಾರಿಗೂ ರುಚಿಸಲಿಲ್ಲ. ನನಗೆ ಮಾತ್ರ ಮಗಳು ತೆಗೆದದ್ದರಲ್ಲೆಲ್ಲ ಅದೇ ಚೆನ್ನ ಅನಿಸುತ್ತದೆ. ಅಂದಿನಿಂದ ಆ ಅಂಗಡಿಯಲ್ಲಿ ನನ್ನ ಮೊಳ ಉಳಿದವರ ಮೊಳಕ್ಕಿಂತ ಒಂದು ಗೇಣು ಉದ್ದ.

ಮೈಸೂರಿನಲ್ಲೇ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಬದುಕಿಡೀ ಇಂಥ ಸಾಮಾನ್ಯರ ಮುಖಗಳನ್ನೇ ತೆಗೆದವರು. 1977ರಲ್ಲಿ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಮಗಳು ಲೈಬ್ರರಿಯಿಂದ ತಂದ ಅವರ 'ಕಾಲಕ್ಕೆ ಕನ್ನಡಿ'ಯನ್ನು ಅವಳಿಗಿಂತ ಮೊದಲು ನಾನು ಓದಿ ಮುಗಿಸಿದೆ. ವಾಪಸು ಕೊಡಲು ತಡವಾಗಿ ದಂಡ ಕಟ್ಟಿದ್ದೂ ನಾನೇ.

ಬಚ್ಚಲುಮನೆಯ ವಿಷಯಕ್ಕೆ ಬಂದರೆ, ಅದು ವರ್ಷದಲ್ಲಿ ಕೆಲವು ವಾರ ಡಾರ್ಕ್‌ರೂಮ್ ಆಗಿರುತ್ತದೆ. ಕಪ್ಪುಬಿಳುಪಿನ ಫೋಟೊ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲವಾದ್ದರಿಂದ ಒಳಗೆ ಕೆಂಪು ಬಲ್ಬು. ಅದು ಹತ್ತಿದ್ದರೆ ಪ್ರಪಂಚವೇ ಮುಳುಗಿದರೂ ಬಾಗಿಲು ತಟ್ಟುವಂತಿಲ್ಲ. ನನ್ನ ವಯಸ್ಸಿನವರಿಗೆ ಇದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಹಾಲಿನಪುಡಿ ಡಬ್ಬಕ್ಕೆ ಒಳಗೆಲ್ಲ ಕಪ್ಪು ಬಳಿದು, ಸೂಜಿಯಿಂದ ಒಂದು ತೂತು ಕೊರೆದು, ಅದನ್ನೇ ಕ್ಯಾಮೆರಾ ಮಾಡಿಕೊಂಡಿದ್ದಳು. ಲೆನ್ಸಿಲ್ಲ, ಬ್ಯಾಟರಿಯಿಲ್ಲ. ಆದರೆ ಎದುರಿಗೆ ಕೂತವರು ಒಂದು ನಿಮಿಷ ಅಲ್ಲಾಡಬಾರದು. ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ತಾವಾಗಿಯೇ ಬಂದು ಕೂತರು. ಅವರು ಒಂದು ನಿಮಿಷ ಮಾತಾಡದೆ ಇದ್ದುದನ್ನು ಬೀದಿಯವರು ಅದೇ ಮೊದಲು ಕಂಡದ್ದು, ಅವರ ಮನೆಯವರಂತೂ ಕಾಂಪೌಂಡಿನ ಹತ್ತಿರ ಬಂದು ನಿಂತು ನೋಡಿದರು. ಡಬ್ಬದೊಳಗಿನ ಕಾಗದದಲ್ಲಿ ಮೂಡುವುದು ತಿರುಗುಮುರುಗಾದ ಚಿತ್ರ, ಬಿಳಿಯದು ಕಪ್ಪಾಗಿ, ಕಪ್ಪಿನದು ಬಿಳಿಯಾಗಿ. ಮೇಷ್ಟ್ರ ಬೆಳ್ಳಿತಲೆ ಅದರಲ್ಲಿ ಕಾಡಿಗೆಗಪ್ಪಾಗಿ ಬಂದಿತ್ತು. ಇದನ್ನು ಇನ್ನೊಂದು ಕಾಗದಕ್ಕೆ ಇಳಿಸಿದರೆ ಸರಿಯಾದ ಚಿತ್ರ ಸಿಗುತ್ತದೆ ಎಂದು ಮಗಳು ಹೇಳಿದರೂ ಅವರು ಕೊಡಲೊಲ್ಲರು.

"ಸರಿಯಾಗೇ ಇದೆಯಲ್ಲಮ್ಮ, ಇದನ್ನೇ ಕಟ್ಟು ಹಾಕಿಸ್ತೀನಿ."

"ಮುಖವೂ ಕಪ್ಪಾಗಿದೆಯಲ್ಲ ಸಾರ್," ಎಂದೆ ನಾನು.

"ಈ ವಯಸ್ಸಲ್ಲಿ ಮುಖ ಯಾರ್ರೀ ನೋಡ್ತಾರೆ, ಕೂದಲು ನೋಡಿ!"

ಮನೆಯವರನ್ನು ಹೀಗೆ ದುಡಿಸಿಕೊಳ್ಳುವುದಕ್ಕೆ ಮಗಳ ಬಳಿ ಆಧಾರವಿದೆ. ಒಮ್ಮೆ ನಮ್ಮನ್ನೆಲ್ಲ ಜಗನ್ಮೋಹನ ಅರಮನೆಗೆ ಕರೆದೊಯ್ದು, ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರದ ಮುಂದೆ ನಿಲ್ಲಿಸಿದಳು. ಎಷ್ಟೋ ಮಂದಿ ರವಿವರ್ಮನದು ಎಂದುಕೊಳ್ಳುವ ಚಿತ್ರ, ನಾನೂ ಹಾಗೆಂದೇ ಎಷ್ಟೋ ನೆಂಟರಿಗೆ ತೋರಿಸಿ ಬಂದಿದ್ದೆ. ಬರೆದವರು ಎಸ್.ಎಲ್. ಹಳದಣಕರ್, ತೈಲವರ್ಣವಲ್ಲ, ಜಲವರ್ಣ. ಬೆರಳ ಸಂದಿಯಲ್ಲಿ ತೂರುವ ಆ ಕೆಂಪು ಬೆಳಕನ್ನು ನೀರಿನಲ್ಲಿ ಕಲಸಿದ ಬಣ್ಣದಿಂದ ತಂದಿದ್ದಾರೆ, ಒಮ್ಮೆ ತಪ್ಪಿದರೆ ಮೇಲೆ ಬಳಿದು ಮುಚ್ಚುವ ಅನುಕೂಲವಿಲ್ಲ. ಇದಕ್ಕೆ ದೀಪ ಹಿಡಿದು ನಿಂತವರು ಚಿತ್ರಕಾರರ ಮಗಳೇ, ಗೀತಾ. ಅವರು 102 ವರ್ಷ ಬಾಳಿ 2018ರಲ್ಲಿ ತೀರಿಕೊಂಡರು. "ನೋಡು, ಅಪ್ಪನಿಗೋಸ್ಕರ ಮಗಳು ನಿಂತಿದ್ದಳು. ಈಗ ಮಗಳಿಗೋಸ್ಕರ ಅಪ್ಪ ನಿಂತರೆ ಏನು ನಷ್ಟ?" ಎಂದಳು ನಮ್ಮವಳು. 102 ವರ್ಷ ಎಂಬ ಅಂಕಿ ಕೇಳಿದ ಮೇಲೆ ಅಮ್ಮ ತಾವೂ ದೀಪ ಹಿಡಿಯಲು ಸಿದ್ಧ ಎಂದರು. ಮನೆಗೆ ಬಂದು ಹಿಡಿದೂ ಹಿಡಿದರು. ಆದರೆ ಎಣ್ಣೆ ದಂಡವಾಗುತ್ತದೆಂದು ಎರಡು ನಿಮಿಷಕ್ಕೊಮ್ಮೆ ಬತ್ತಿ ಸಣ್ಣ ಮಾಡುತ್ತಿದ್ದರು, ಹಾಗಾಗಿ ಆ ಚಿತ್ರಮಾಲಿಕೆಯಲ್ಲಿ ಅಜ್ಜಿಗಿಂತ ಕತ್ತಲೆಯೇ ಹೆಚ್ಚು.

ಈಗ ಕೊನೆಯ ವರ್ಷ. ಪ್ರದರ್ಶನಕ್ಕೆ ಬೀದಿಯವರೆಲ್ಲರ ಕೈಗಳನ್ನು ಮಣ್ಣಿನಲ್ಲಿ ಮಾಡಿಡುವುದೆಂದು ತೀರ್ಮಾನವಾಗಿದೆ. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಳಸುವ ಪುಡಿಯನ್ನು ನೀರಿನಲ್ಲಿ ಕಲಸಿ ಬಕೆಟ್ಟಿಗೆ ಸುರಿಯುತ್ತಾಳೆ. ಕೈ ಅದ್ದಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದು ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ, ಮೆಲ್ಲಗೆ ಕೈ ಎಳೆದುಕೊಂಡರೆ ಗೆರೆ ಗೆರೆಯೂ ಅಚ್ಚಿನಲ್ಲಿ ಉಳಿಯುತ್ತದೆ. ಅದಕ್ಕೆ ಪ್ಲಾಸ್ಟರ್ ಹುಯ್ದು, ಪ್ಲಾಸ್ಟರಿನಿಂದ ಮತ್ತೊಂದು ಅಚ್ಚು, ಅದರಿಂದ ಮಣ್ಣಿನ ಕೈ. ಹಾಲಿನವರ ಕೈ ಆಯಿತು, ಸೊಪ್ಪಿನಮ್ಮನ ಕೈ ಬಳೆ ಸಮೇತ ಆಯಿತು, ಅಮ್ಮನದು ರಂಗೋಲಿ ಬಿಡುವ ಭಂಗಿಯಲ್ಲಿ ಆಯಿತು. ನನ್ನ ಬಲಗೈ ನೋಟು ಎಣಿಸುವ ಭಂಗಿಯಲ್ಲಿದೆ, ನೂರಕ್ಕೆ 12 ಕುಗ್ಗಿ, ಈಗ ಹೆಂಡತಿಯ ಕೈಗಿಂತ ಚಿಕ್ಕದು. ಹೆಡ್‌ಮೇಷ್ಟ್ರದೊಂದು ಬಾಕಿ. ಬಕೆಟ್ಟು ಹಿಡಿದು ಮಗಳು ಅವರ ಜಗಲಿಗೆ ಹೋದಾಗ ಮೊದಲ ಬಾರಿಗೆ ಅವರು ಹಿಂದೇಟು ಹಾಕಿದರು.

"ಬೆರಳಿನ ಗೆರೆ ಅಳಿಸಿ ಹೋಗಲ್ವೇನಮ್ಮ?"

"ಇಲ್ಲ ಸಾರ್, ಏನೂ ಆಗಲ್ಲ."

"ನೀನು ಹೇಳ್ತೀಯ. ನವೆಂಬರಲ್ಲಿ ನಾನು ಬದುಕಿದೀನಿ ಅಂತ ಪಿಂಚಣಿಗೆ ಬೆರಳು ಒತ್ತಬೇಕು, ಆ ಮಿಷನ್ನು ಮೊದಲೇ ನನ್ನ ಬೆರಳು ಒಪ್ಪಲ್ಲ," ಎಂದು ಎರಡೂ ಕೈಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿಕೊಂಡರು. ಆಮೇಲೆ ಬಲಗೈಯನ್ನು ಅಂಗಿಯ ಜೇಬಿಗೆ ಸೇರಿಸಿ, ಎಡಗೈಯ ತೋಳು ಮಡಚಿದರು. "ಸದ್ಯಕ್ಕೆ ಇದನ್ನ ತಗೋ. ಅದನ್ನ ಡಿಸೆಂಬರಲ್ಲಿ ಕೊಡ್ತೀನಿ."